ಲೇಬಲ್‌ನ ಫೋಟೋ ಕಡ್ಡಾಯ ಮಾಡಿ: ಬಳಸಿದ ವಸ್ತುಗಳ ಮಾರಾಟ ತಾಣಗಳಿಗೆ ಒಂದು ಬಹಿರಂಗ ಪತ್ರ

ಬಳಸಿದ ವಸ್ತುಗಳನ್ನು ಕೊಳ್ಳುವ, ಮಾರುವ ಆ್ಯಪ್‌ಗಳನ್ನೂ ಜಾಲತಾಣಗಳನ್ನೂ ನಡೆಸುತ್ತಿರುವವರಿಗೆ,

ಮಾನ್ಯರೇ,

ಹಳೆಯ ಮೊಬೈಲ್ ಮಾರಲು ಬಂದವರನ್ನು ನೀವು ಕಂಪನಿ ಯಾವುದು, ಮಾದರಿ ಯಾವುದು, ಕೊಂಡದ್ದು ಯಾವಾಗ ಎಂದು ಕೇಳುತ್ತೀರಿ. ಕಾರಾದರಂತೂ ತಯಾರಾದ ವರ್ಷ, ಓಡಿದ ಕಿಲೋಮೀಟರು, ಎಷ್ಟನೆಯ ಮಾಲೀಕರು ಎಂಬುದನ್ನೆಲ್ಲ ತುಂಬದೆ ಜಾಹೀರಾತು ಮುಂದಕ್ಕೆ ಸರಿಯುವುದೇ ಇಲ್ಲ. ಅದೇ ಕಾರಿನ ಹಿಂಬದಿಯಲ್ಲಿ ಹಸುಗೂಸನ್ನು ಕೂರಿಸುವ ಸುರಕ್ಷತಾ ಆಸನ ಮಾರಲು ಬಂದವರಿಗೆ ಮಾತ್ರ ಸಾಮಾನ್ಯವಾಗಿ ಇಂಥ ಯಾವ ತಾಪತ್ರಯವೂ ಇರುವುದಿಲ್ಲ. ಒಂದು ಫೋಟೋ, ಒಂದು ಬೆಲೆ, ‘ಉತ್ತಮ ಸ್ಥಿತಿಯಲ್ಲಿದೆ’ ಎಂಬ ಒಂದು ಸಾಲು. ಅಷ್ಟಕ್ಕೆ ಜಾಹೀರಾತು ಪ್ರಕಟವಾಗುತ್ತದೆ.

ನನ್ನ ಬೇಡಿಕೆ ಒಂದೇ. ಮಗುವನ್ನು ಮಲಗಿಸುವ, ಕೂರಿಸುವ, ಹೊರುವ, ಒಯ್ಯುವ ಯಾವುದೇ ಸಾಧನದ ಜಾಹೀರಾತಿಗೆ ಅದರ ಲೇಬಲ್‌ನ ಫೋಟೋ ಕಡ್ಡಾಯ ಮಾಡಿ. ತಯಾರಕರ ಹೆಸರು, ಮಾದರಿ ಸಂಖ್ಯೆ, ತಯಾರಾದ ದಿನಾಂಕ, ಈ ಮೂರೂ ಓದುವಂತಿರಲಿ. ಲೇಬಲ್ ಕಿತ್ತುಹೋಗಿದೆಯೇ? ಹಾಗಾದರೆ ಆ ವಸ್ತುವಿಗೆ ನಿಮ್ಮಲ್ಲಿ ಜಾಗವಿಲ್ಲ ಎನ್ನಿ.

ಹಳೆಯದನ್ನು ಕೊಳ್ಳಬಾರದು ಎಂದು ವಾದಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ಮಗುವಿನ ಸಾಮಾನುಗಳಷ್ಟು ಕಡಿಮೆ ಬಳಕೆಯಾಗಿ ಮೂಲೆ ಸೇರುವ ವಸ್ತುಗಳು ಮನೆಯಲ್ಲಿ ಬೇರೆ ಇರಲಾರವು. ಕೆಲವು ತಿಂಗಳಿಗೇ ಮಗು ತೊಟ್ಟಿಲನ್ನು ಮೀರಿ ಬೆಳೆಯುತ್ತದೆ. ಉಡುಪು ಎರಡು ಸಲ ತೊಡಿಸುವಷ್ಟರಲ್ಲಿ ಬಿಗಿಯಾಗುತ್ತದೆ. ಅವನ್ನೆಲ್ಲ ಕಸಕ್ಕೆ ಹಾಕಿ ಪ್ರತಿ ಮನೆಯವರೂ ಹೊಸದನ್ನೇ ಕೊಳ್ಳಬೇಕು ಎನ್ನುವುದು ಅಂಗಡಿಯವರ ವಾದ. ಬಟ್ಟೆ, ಹೊದಿಕೆ, ಪುಸ್ತಕ, ಸ್ನಾನದ ತೊಟ್ಟಿ, ಬಿಡಿಭಾಗಗಳಿಲ್ಲದ ಗಟ್ಟಿ ಆಟಿಕೆ ಇವುಗಳನ್ನೆಲ್ಲ ಚೆನ್ನಾಗಿ ತೊಳೆದು, ಕಿತ್ತುಬರುವ ಗುಂಡಿ, ಕತ್ತಿನ ಬಳಿಯ ದಾರಗಳನ್ನು ತೆಗೆದು ನಿಶ್ಚಿಂತೆಯಿಂದ ಬಳಸಬಹುದು. ನಾನೂ ಬಳಸಿದ್ದೇನೆ, ಮಾರಿದ್ದೇನೆ, ಸುಮ್ಮನೆ ಕೊಟ್ಟೂ ಇದ್ದೇನೆ. ತೊಂದರೆ ಇರುವುದು ವಸ್ತು ಹಳೆಯದಾಗುವುದರಲ್ಲಿ ಅಲ್ಲ, ಕೈ ಬದಲಾಗುವಾಗ ಅದರ ಪೂರ್ವೋತ್ತರ ಕಳಚಿಕೊಳ್ಳುವುದರಲ್ಲಿ. ಬಳಕೆಯ ಕೈಪಿಡಿ ಮೊದಲ ಮನೆಯಲ್ಲೇ ಉಳಿಯುತ್ತದೆ, ಎರಡು ಬೋಲ್ಟ್ ಎರಡನೆಯ ಮನೆಯಲ್ಲಿ ಬಿದ್ದುಹೋಗುತ್ತವೆ, ಅಪಘಾತದ ಸುದ್ದಿಯನ್ನು ಮೂರನೆಯವರಿಗೆ ಯಾರೂ ಹೇಳುವುದಿಲ್ಲ. ಕೊನೆಗೆ ಉಳಿಯುವುದು ವಸ್ತುವಿನ ಮೈಮೇಲೆ ಅಂಟಿಸಿದ ಆ ಚೀಟಿ ಮಾತ್ರ.

ಅಂದಹಾಗೆ, ಆ ಚೀಟಿ ಅಲ್ಲಿಗೆ ಬಂದದ್ದರ ಹಿಂದೆ ಒಂದು ಸಾವಿನ ಕಥೆಯಿದೆ. 1998ರ ಮೇ ತಿಂಗಳಲ್ಲಿ ಶಿಕಾಗೋದಲ್ಲಿ ಡ್ಯಾನಿ ಕೀಸರ್ ಎಂಬ ಮಗು, ಒಂದೂವರೆ ವರ್ಷವೂ ತುಂಬದ ಕೂಸು, ಮಕ್ಕಳನ್ನು ನೋಡಿಕೊಳ್ಳುವವರ ಮನೆಯಲ್ಲಿ ಮಡಚುವ ಮಂಚವೊಂದರಲ್ಲಿ ಮಧ್ಯಾಹ್ನದ ನಿದ್ದೆಗೆ ಮಲಗಿತ್ತು. ಮಂಚದ ಮೇಲಂಚಿನ ಕಂಬಿ ನಡುವಿನ ಕೀಲಿನಲ್ಲಿ ಕುಸಿದು, ‘V’ ಆಕಾರದಲ್ಲಿ ಮಡಚಿಕೊಂಡ ಆ ಸಂದಿಯಲ್ಲಿ ಮಗುವಿನ ಕತ್ತು ಸಿಕ್ಕಿಕೊಂಡಿತು. ಆ ಮಾದರಿಯ ಮಂಚವನ್ನು ಅಪಾಯಕಾರಿ ಎಂದು ಮಾರುಕಟ್ಟೆಯಿಂದ ಹಿಂಪಡೆದದ್ದು 1993ರಲ್ಲಿ, ಅಂದರೆ ಐದು ವರ್ಷ ಮೊದಲೇ. ಅದೇ ಮಾದರಿಗೆ ಬಲಿಯಾದ ಐದನೆಯ ಮಗು ಡ್ಯಾನಿ. ಮಂಚದ ದೋಷ ತಯಾರಕರಿಗೆ ಗೊತ್ತಿತ್ತು, ಸರ್ಕಾರಕ್ಕೆ ಗೊತ್ತಿತ್ತು. ಆ ಮಂಚದಲ್ಲಿ ಮಗುವನ್ನು ಮಲಗಿಸುತ್ತಿದ್ದವರಿಗೆ, ಮಗುವನ್ನು ಅಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದ ತಂದೆ ತಾಯಿಗೆ ಗೊತ್ತಿರಲಿಲ್ಲ.

ಆ ತಂದೆ ತಾಯಿ ‘ಕಿಡ್ಸ್ ಇನ್ ಡೇಂಜರ್’ ಎಂಬ ಸಂಸ್ಥೆ ಕಟ್ಟಿದರು. ಹತ್ತು ವರ್ಷಗಳ ಬಳಿಕ, 2008ರಲ್ಲಿ, ಅಮೆರಿಕದ ಗ್ರಾಹಕ ವಸ್ತುಗಳ ಸುರಕ್ಷತಾ ಕಾಯ್ದೆಯಲ್ಲಿ ಡ್ಯಾನಿಯ ಹೆಸರಿನದೇ ಒಂದು ಭಾಗ ಸೇರಿತು. ಶಿಶುಗಳು ಬಳಸುವ ಬಾಳಿಕೆಯ ಸಾಧನಗಳ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ಮಾದರಿಯ ಹೆಸರು ಮತ್ತು ಸಂಖ್ಯೆ, ತಯಾರಾದ ದಿನಾಂಕ ಇವು ಶಾಶ್ವತವಾಗಿ ಇರಲೇಬೇಕು. ಜೊತೆಗೆ ಕೊಂಡವರು ತಮ್ಮ ವಿಳಾಸ ನೋಂದಾಯಿಸಲು ಕಾರ್ಡ್ ಕೊಡಬೇಕು. ಆ ವಿಳಾಸವನ್ನು ಜಾಹೀರಾತಿಗೆ ಬಳಸಕೂಡದು. ಇಷ್ಟು ಆ ಭಾಗದ ಸಾರ. ಹಾಗೆ ಬಂದ ಚೀಟಿಯನ್ನು ನಿಮ್ಮ ತಾಣದ ಫೋಟೋಗಳಲ್ಲಿ ಹುಡುಕಿ ನೋಡಿ. ಮಂಚದ ಚಿತ್ರ ನಾಲ್ಕು ಕೋನಗಳಿಂದ ಇರುತ್ತದೆ, ಮೇಲೆ ಹೊದಿಸಿದ ಗೊಂಬೆ ಚಿತ್ರದ ಚಾದರದ್ದೂ ಇರುತ್ತದೆ. ಚೀಟಿ ಮಾತ್ರ ಇರುವುದಿಲ್ಲ.

ಇದು ಹಳೆಯ ಕಾಲದ ಕಥೆ ಎನ್ನುವಿರೇನೋ. 2019ರ ಏಪ್ರಿಲ್‌ನಲ್ಲಿ ಫಿಶರ್-ಪ್ರೈಸ್ ಸಂಸ್ಥೆ ತನ್ನ ‘ರಾಕ್ ಎನ್ ಪ್ಲೇ’ ಎಂಬ ಓರೆ ತೊಟ್ಟಿಲುಗಳನ್ನು, ಸುಮಾರು 47 ಲಕ್ಷದಷ್ಟನ್ನು, ಹಿಂಪಡೆಯಿತು. ಬೆನ್ನು ಓರೆಯಾಗಿ ಮಲಗಿದ ಕೂಸಿನ ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ತಾಗಬಹುದು, ಮಗ್ಗುಲಾದರೆ ಮುಖ ಮೆತ್ತನೆಯ ಬದಿಗೆ ಒತ್ತಿಕೊಳ್ಳಬಹುದು. ಎರಡರಲ್ಲಿ ಏನಾದರೂ ಉಸಿರಾಟ ನಿಲ್ಲಬಹುದು. 2023ರ ಜನವರಿಯಲ್ಲಿ ಅದೇ ವಸ್ತುವಿನ ಬಗ್ಗೆ ಮತ್ತೊಮ್ಮೆ ಎಚ್ಚರಿಕೆ ಹೊರಡಿಸಬೇಕಾಯಿತು. ಮೊದಲ ಪ್ರಕಟಣೆ ಬಂದ ಮೇಲೂ ಕನಿಷ್ಠ ಎಂಟು ಮಕ್ಕಳು ಅದರಲ್ಲಿ ಸತ್ತಿದ್ದರು. ಅಂಗಡಿಗಳ ಕಪಾಟಿನಿಂದ ಆ ತೊಟ್ಟಿಲು ಮಾಯವಾಗಿದ್ದರೂ ಮನೆಗಳಿಂದ ಆಗಿರಲಿಲ್ಲ.

ತಯಾರಕರು ವಸ್ತುವನ್ನು ವಾಪಸು ಕರೆಸಿಕೊಳ್ಳುವ ಸುದ್ದಿ ಹೆಚ್ಚೆಂದರೆ ಮೊದಲು ಕೊಂಡವರಿಗೆ ತಲುಪುತ್ತದೆ, ಅದೂ ಅವರು ಕಾರ್ಡ್ ತುಂಬಿ ಕಳಿಸಿದ್ದರೆ. ಅವರಿಂದ ಕೊಂಡವರು ಯಾರು, ಅವರಿಂದ ಮತ್ತೆ ಯಾರ ಮನೆಗೆ ಹೋಯಿತು ಎಂಬುದು ತಯಾರಕರಿಗೆ ಗೊತ್ತಿಲ್ಲ, ಸರ್ಕಾರಕ್ಕೂ ಗೊತ್ತಿಲ್ಲ. ಅದು ಗೊತ್ತಿರುವುದು ನಿಮಗೆ. ಯಾವ ಖಾತೆಯಿಂದ ಯಾವ ಖಾತೆಗೆ ಸಂದೇಶ ಹೋಯಿತು, ಯಾವ ದಿನ ಆ ಜಾಹೀರಾತಿನ ಮೇಲೆ ‘ಮಾರಾಟವಾಗಿದೆ’ ಎಂಬ ಗುರುತು ಬಿತ್ತು ಎಂಬುದೆಲ್ಲ ನಿಮ್ಮ ಕಂಪ್ಯೂಟರುಗಳಲ್ಲಿದೆ. ಸ್ಟ್ರಾಲರ್ (ಮಗುವನ್ನು ಕೂರಿಸಿ ತಳ್ಳುವ ಗಾಡಿ) ಕೊಂಡವರಿಗೆ ಮರುದಿನವೇ ಡೈಪರ್ ಜಾಹೀರಾತು ತೋರಿಸುವಷ್ಟು ಜಾಣತನ ನಿಮಗಿದೆ. ಆ ಸ್ಟ್ರಾಲರ್ ಹಿಂಪಡೆದ ಪಟ್ಟಿಗೆ ಸೇರಿದಾಗ ಅದೇ ಜನರಿಗೆ ಒಂದು ಸಂದೇಶ ಕಳಿಸುವುದು ಅದಕ್ಕಿಂತ ಕಷ್ಟದ ಕೆಲಸವಲ್ಲ. ಆದರೆ ಮಾದರಿ ಸಂಖ್ಯೆಯೇ ನಿಮ್ಮಲ್ಲಿ ದಾಖಲಾಗದಿದ್ದರೆ ಯಾರಿಗೆ ಏನೆಂದು ಕಳಿಸುವಿರಿ?

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮಕ್ಕಳ ಕಾರ್ ಸೀಟಿನ, ಅಂದರೆ ಮೊದಲು ಹೇಳಿದ ಸುರಕ್ಷತಾ ಆಸನದ ವಿಷಯದಲ್ಲಿ. ಏಕೆಂದರೆ ಅದರ ದೋಷ ಕಣ್ಣಿಗೆ ಕಾಣುವುದಿಲ್ಲ. ಹೊರಗಿನ ಬಟ್ಟೆ ಒಗೆದು ಹಾಕಿದರೆ ಅದು ಹೊಸದರಂತೆಯೇ ಹೊಳೆಯುತ್ತದೆ. ಒಳಗಿನ ಪ್ಲಾಸ್ಟಿಕ್ ಚಿಪ್ಪು ವರ್ಷಗಟ್ಟಲೆ ಕಾರಿನೊಳಗಿನ ಬಿಸಿಲು ಮತ್ತು ಚಳಿಯಲ್ಲಿ ಹಿಗ್ಗಿ ಕುಗ್ಗಿ ಪೆಡಸಾಗಿರಬಹುದು. ಹೀಗಾಗಿಯೇ ಹೆಚ್ಚಿನ ತಯಾರಕರು ಸೀಟಿಗೆ 6ರಿಂದ 10 ವರ್ಷದ ಬಳಕೆಯ ಅವಧಿ ಗೊತ್ತುಮಾಡುತ್ತಾರೆ. ಆ ದಿನಾಂಕ ನೋಡಬೇಕೆಂದರೆ ಸೀಟನ್ನು ಬೋರಲು ಹಾಕಬೇಕು. ತಳದಲ್ಲೋ ಬೆನ್ನಿನ ಭಾಗದಲ್ಲೋ ಒಂದು ಚೀಟಿ ಇರುತ್ತದೆ. ಚೀಟಿ ಹರಿದಿದ್ದರೂ ಪ್ಲಾಸ್ಟಿಕ್ಕಿನಲ್ಲೇ ಅಚ್ಚಾದ ನಾಣ್ಯದಗಲದ ಒಂದು ವೃತ್ತ ಹಲವು ಸೀಟುಗಳಲ್ಲಿ ಸಿಗುತ್ತದೆ: ಅಂಚಿನ ಸುತ್ತ 1ರಿಂದ 12ರವರೆಗೆ ಅಂಕಿಗಳು, ನಡುವೆ ಒಂದು ಬಾಣ, ಬಾಣದ ಎರಡು ಪಕ್ಕ ವರ್ಷದ ಕೊನೆಯ ಎರಡು ಅಂಕಿಗಳು. ಬಾಣ ತೋರುವುದು ಆ ಭಾಗ ಅಚ್ಚಾದ ತಿಂಗಳು. ಇದನ್ನು ಓದಲು ಕಲಿತವರಿಗೆ ‘ಒಂದೇ ವರ್ಷ ಬಳಸಿದ್ದು’ ಎಂಬ ಸಾಲು ಎಷ್ಟರಮಟ್ಟಿಗೆ ನಿಜ ಎಂದು ಅರೆಕ್ಷಣದಲ್ಲಿ ತಿಳಿಯುತ್ತದೆ.

ಬಳಿಕ ಬಟ್ಟೆಯ ಹೊದಿಕೆ ಬಿಚ್ಚಬೇಕು. ಮಾರುವವರು ಮುಖ ಸಿಂಡರಿಸಬಹುದು, ಇರಲಿ. ಹೊದಿಕೆಯ ಕೆಳಗೆ, ತಲೆ ಬರುವ ಜಾಗದಲ್ಲಿ ಹೆಚ್ಚಿನ ಸೀಟುಗಳಿಗೆ ಥರ್ಮಾಕೋಲ್‌ನಂಥ ಬಿಳಿಯ ಫೋಮ್ ಪದರ ಇರುತ್ತದೆ. ಡಿಕ್ಕಿಯಾದಾಗ ಪೆಟ್ಟನ್ನು ತಾನು ನುಂಗಿಕೊಂಡು ಬಿರಿಯುವುದು ಅದರ ಕೆಲಸ. ಅದರಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಮಾತುಕತೆ ಅಲ್ಲಿಗೆ ಮುಗಿಯಬೇಕು. ಬೆಲ್ಟಿನ ಪಟ್ಟಿಗಳನ್ನು ಬೆರಳುಗಳ ನಡುವೆ ಎಳೆದು ನೋಡಿ: ಅಂಚು ನೂಲು ಬಿಟ್ಟಿದೆಯೇ, ಪಟ್ಟಿ ಮಾಮೂಲಿಗಿಂತ ಮೆತ್ತಗೆ, ಬಣ್ಣಗೆಟ್ಟು ಇದೆಯೇ? ಬಕಲ್ ‘ಟಕ್’ ಎಂದು ಕೂರುತ್ತದೆಯೇ? ಪಟ್ಟಿಗಳನ್ನು ವಾಷಿಂಗ್ ಮಷಿನ್‌ಗೆ ಹಾಕಬಾರದು, ಬ್ಲೀಚ್ ಸೋಕಿಸಬಾರದು ಎಂದು ಕೈಪಿಡಿಗಳು ಹೇಳುತ್ತವೆ, ಏಕೆಂದರೆ ನೇಯ್ಗೆಯ ಬಲ ಕುಗ್ಗಬಹುದು. ವಿಪರ್ಯಾಸವೆಂದರೆ ಮಾರುವ ಮೊದಲು ಸ್ವಚ್ಛ ಮಾಡಿಕೊಡೋಣ ಎಂಬ ಸದುದ್ದೇಶದವರೇ ಈ ತಪ್ಪು ಮಾಡುತ್ತಾರೆ.

ಇಷ್ಟೆಲ್ಲ ನೋಡಿದರೂ ಒಂದು ಪ್ರಶ್ನೆಗೆ ಸೀಟು ಉತ್ತರಿಸುವುದಿಲ್ಲ. ಅಪಘಾತ ಕಂಡಿದೆಯೇ? ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಪ್ರಕಾರ, ಮಧ್ಯಮ ಅಥವಾ ದೊಡ್ಡ ಅಪಘಾತದಲ್ಲಿದ್ದ ಸೀಟನ್ನು ಬದಲಾಯಿಸಲೇಬೇಕು. ಸಣ್ಣ ಅಪಘಾತ ಎನ್ನಿಸಿಕೊಳ್ಳಲು ಕಾರನ್ನು ಅಲ್ಲಿಂದ ಓಡಿಸಿಕೊಂಡು ಬರುವಂತಿರಬೇಕು, ಸೀಟಿನ ಪಕ್ಕದ ಬಾಗಿಲಿಗೆ ಪೆಟ್ಟಾಗಿರಬಾರದು, ಯಾರಿಗೂ ಗಾಯವಾಗಿರಬಾರದು, ಏರ್‌ಬ್ಯಾಗ್ ಬಿಚ್ಚಿರಬಾರದು, ಸೀಟಿನಲ್ಲಿ ಕಾಣುವ ಹಾನಿ ಇರಬಾರದು. ಐದರಲ್ಲಿ ಒಂದು ತಪ್ಪಿದರೂ ಅದು ಸಣ್ಣದಲ್ಲ. ಇದನ್ನು ಹೇಳಬಲ್ಲವರು ಮಾರುವವರು ಮಾತ್ರ, ಅವರು ಮೊದಲ ಮಾಲೀಕರಾಗಿದ್ದರೆ ಮಾತ್ರ. ಆದ್ದರಿಂದ ಮಕ್ಕಳ ಕಾರ್ ಸೀಟಿನ ಜಾಹೀರಾತಿನಲ್ಲಿ ‘ನಾನೇ ಹೊಸದಾಗಿ ಕೊಂಡದ್ದು, ಅಪಘಾತವಾಗಿಲ್ಲ’ ಎಂಬ ಘೋಷಣೆಯನ್ನೂ ಕೇಳಿ. ಸುಳ್ಳು ಹೇಳುವವರು ಹೇಳಬಹುದು. ಆದರೆ ಬಹಳಷ್ಟು ಜನ ಸುಳ್ಳು ಹೇಳುವುದಿಲ್ಲ, ಕೇಳದಿದ್ದಕ್ಕೆ ಹೇಳಿರುವುದಿಲ್ಲ ಅಷ್ಟೆ. ಗುರುತು ಪರಿಚಯವಿಲ್ಲದವರಿಂದ ಹಳೆಯ ಕಾರ್ ಸೀಟ್ ಕೊಳ್ಳಬೇಡಿ ಎಂಬುದೇ ನನ್ನ ಸ್ವಂತ ಅಭಿಪ್ರಾಯ. ಉಳಿತಾಯ ಬೇರೆ ಕಡೆ ಮಾಡೋಣ.

ಯುರೋಪಿನ ನಿಯಮ ಪಾಲಿಸುವ ಕಡೆಗಳಲ್ಲಿ ಸೀಟಿನ ಮೇಲಿನ ಕಿತ್ತಳೆ ಬಣ್ಣದ ಅನುಮೋದನೆ ಚೀಟಿಯನ್ನೂ ಓದಬೇಕು. ಆರ್44 ಎಂಬ ಹಳೆಯ ನಿಯಮದ ಸೀಟುಗಳಲ್ಲಿ ಅನುಮೋದನೆ ಸಂಖ್ಯೆ 01 ಅಥವಾ 02ರಿಂದ ಆರಂಭವಾಗಿದ್ದರೆ 2008ರಿಂದಲೇ ಅವುಗಳ ಬಳಕೆ ನಿಂತಿದೆ. 2013ರಲ್ಲಿ ಬಂದ ಆರ್129 ಮಗುವಿನ ಎತ್ತರವನ್ನು ಲೆಕ್ಕಕ್ಕಿಟ್ಟುಕೊಂಡ ಹೊಸ ನಿಯಮ. ಇಷ್ಟೂ ವಿವರ ಅಂಗೈಯಗಲದ ಒಂದು ಚೀಟಿಯಲ್ಲಿರುತ್ತದೆ.

ಇನ್ನು ಮಗುವಿನ ಮಂಚ. ಕಂಬಿಗಳಿರುವ ಈ ಮಂಚವನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಿಸಬೇಕಾದರೆ ಬಿಚ್ಚಲೇಬೇಕು, ಮತ್ತೆ ಜೋಡಿಸಲೇಬೇಕು. ಒತ್ತಿದ ಮರದ ಹಲಗೆಯಲ್ಲಿ ಸ್ಕ್ರೂವಿನ ತೂತು ಪ್ರತಿ ಸಲ ಬಿಚ್ಚಿದಾಗಲೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಮೂರನೆಯ ಮನೆಯಲ್ಲಿ ಸ್ಕ್ರೂ ತಿರುಗುತ್ತಲೇ ಇರುತ್ತದೆ, ಹಿಡಿಯುವುದಿಲ್ಲ. ಆಗ ಮನೆಯ ಜಾಣರು ತೂತಿಗೆ ಬೆಂಕಿಕಡ್ಡಿ ತುರುಕುತ್ತಾರೆ, ದಪ್ಪನೆಯ ಬೇರೆ ಸ್ಕ್ರೂ ಹಾಕುತ್ತಾರೆ, ಇಲ್ಲವೇ ತಂತಿ ಸುತ್ತುತ್ತಾರೆ. ಪುಸ್ತಕದ ಕಪಾಟಿಗೆ ಈ ಉಪಾಯ ನಡೆಯುತ್ತದೆ. ಕಂಬಿ ಹಿಡಿದು ಕುಣಿಯುವ ಒಂಬತ್ತು ತಿಂಗಳ ಮಗುವಿನ ಭಾರಕ್ಕೆ ಒಂದು ಬದಿ ಸಡಿಲವಾದರೆ ಹಾಸಿಗೆ ಮತ್ತು ಕಂಬಿಯ ನಡುವೆ ಸಂದಿ ತೆರೆದುಕೊಳ್ಳುತ್ತದೆ, ಮಗು ಅದರೊಳಕ್ಕೆ ಜಾರುತ್ತದೆ. ಒಂದು ಬದಿಯ ಕಂಬಿಚೌಕಟ್ಟು ಮೇಲೆ ಕೆಳಗೆ ಜಾರುವ ಮಂಚಗಳಲ್ಲಿ ಆದದ್ದು ಇದೇ. ಇಂಥ ಮಂಚಗಳ ತಯಾರಿಕೆ, ಮಾರಾಟ, ಮರುಮಾರಾಟ ಮೂರನ್ನೂ ಅಮೆರಿಕ 2011ರ ಜೂನ್‌ನಲ್ಲಿ ನಿಷೇಧಿಸಿತು. ಅಷ್ಟರಲ್ಲಿ 30ಕ್ಕೂ ಹೆಚ್ಚು ಕಂದಮ್ಮಗಳು ಸತ್ತಿದ್ದವು. ಬಗ್ಗದೆಯೇ ಮಗುವನ್ನು ಎತ್ತಿಕೊಳ್ಳಲು ಅನುಕೂಲ ಎಂದು ಅಂಥ ಮಂಚವನ್ನೇ ಹುಡುಕಿ ಕೊಳ್ಳುವವರು ಈಗಲೂ ಇದ್ದಾರೆ.

ಅಳೆಯುವ ಪಟ್ಟಿ ಒಯ್ಯುವುದು ಒಳ್ಳೆಯದು. ಕಂಬಿಯಿಂದ ಕಂಬಿಗೆ 6 ಸೆಂಟಿಮೀಟರಿಗಿಂತ ಹೆಚ್ಚು ಅಂತರ ಇರಕೂಡದು. ಈ ಅಳತೆ ಸುಮ್ಮನೆ ಬಂದದ್ದಲ್ಲ. ಎಳೆಯ ಮಗುವಿನ ಸೊಂಟ ಅದರ ತಲೆಗಿಂತ ಸಣ್ಣದು. ಅಗಲ ಸಂದಿಯಲ್ಲಿ ಕಾಲು ಮೊದಲಾಗಿ ಮೈಯೆಲ್ಲ ಹೊರಗೆ ಜಾರಿ, ತಲೆ ಒಳಗೆ ಸಿಕ್ಕಿ ನೇತಾಡುತ್ತದೆ. ತಂಪು ಪಾನೀಯದ ಸಾಮಾನ್ಯ ಡಬ್ಬಿ ಕಂಬಿಗಳ ನಡುವೆ ತೂರುತ್ತದೆ ಎಂದರೆ ಮಂಚ ಬೇಡ. ಹಾಸಿಗೆ ಮತ್ತು ಚೌಕಟ್ಟಿನ ನಡುವೆ ಎರಡು ಬೆರಳು ಸಲೀಸಾಗಿ ಹೋಗುತ್ತವೆ ಎಂದರೆ ಹಾಸಿಗೆ ಆ ಮಂಚದ್ದಲ್ಲ. ಮೂಲೆಯ ಗೂಟಗಳು ಮೇಲಕ್ಕೆ ಚಾಚಿದ್ದರೆ ಅಂಗಿ ಸಿಕ್ಕಿಕೊಳ್ಳುತ್ತದೆ. ತಲೆದೆಸೆಯ ಹಲಗೆಯಲ್ಲಿ ಚಂದಕ್ಕೆ ಕೊರೆದ ಹೃದಯದಾಕಾರದ ತೂತುಗಳಿದ್ದರೆ ತಲೆ ಸಿಕ್ಕಿಕೊಳ್ಳುತ್ತದೆ. ಅಜ್ಜಿಯ ಕಾಲದ ಬಣ್ಣ ಬಳಿದ ಮಂಚವಾದರೆ ಬಣ್ಣದಲ್ಲಿ ಸೀಸ ಇರಬಹುದು. ಹಲ್ಲು ಮೂಡುವ ಮಗು ಮೊದಲು ಕಚ್ಚುವುದೇ ಮೇಲಂಚಿನ ಪಟ್ಟಿಯನ್ನು. ಅಮೆರಿಕದಲ್ಲಿ ಮನೆಬಳಕೆಯ ಸೀಸದ ಬಣ್ಣಕ್ಕೆ ತಡೆ ಬಿದ್ದದ್ದೇ 1978ರಲ್ಲಿ, ಎಲ್ಲ ಕಡೆ ಅಷ್ಟು ಬೇಗವೂ ಬೀಳಲಿಲ್ಲ. ಇಂಥ ಮಂಚ ನೆನಪಿಗಾಗಿ ಮನೆಯಲ್ಲಿರಲಿ, ಗೊಂಬೆ ಮಲಗಿಸಲು ಇರಲಿ.

ಮಂಚದ ಜೊತೆ ‘ಪೂರ್ತಿ ಸೆಟ್’ ಎಂದು ಒಳಬದಿಗೆ ಕಟ್ಟುವ ಮೆತ್ತನೆಯ ಸುತ್ತುಪಟ್ಟಿ, ದಿಂಬು, ದಪ್ಪ ರಜಾಯಿ ಸೇರಿಸಿ ಕೊಡುವುದು ವಾಡಿಕೆ. ಆ ಸುತ್ತುಪಟ್ಟಿಗಳನ್ನೂ 10 ಡಿಗ್ರಿಗಿಂತ ಹೆಚ್ಚು ಓರೆಯಿರುವ ಶಿಶುಶಯ್ಯೆಗಳನ್ನೂ ಅಮೆರಿಕ 2022ರ ಕಾಯ್ದೆಯಿಂದ ನಿಷೇಧಿಸಿದೆ. ಮಗು ಮಲಗುವ ಜಾಗದಲ್ಲಿ ಗಟ್ಟಿಯಾದ ಸಮತಟ್ಟು ಹಾಸಿಗೆ, ಬಿಗಿಯಾಗಿ ಕೂರುವ ಚಾದರ ಬಿಟ್ಟು ಬೇರೇನೂ ಬೇಡ. ಹಾಸಿಗೆಯನ್ನಂತೂ ಹೊಸದೇ ಕೊಳ್ಳುವುದು ಮೇಲು. 2002ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನವೊಂದು ಬೇರೆ ಮಗು ಬಳಸಿದ್ದ ಹಾಸಿಗೆಗೂ ನಿದ್ದೆಯಲ್ಲಿ ಶಿಶುಗಳ ಹಠಾತ್ ಸಾವಿಗೂ ನಂಟು ಕಂಡಿತ್ತು, ಅದರಲ್ಲೂ ಹಾಸಿಗೆ ಬೇರೆ ಮನೆಯಿಂದ ಬಂದಿದ್ದರೆ. ಕಾರಣ ಏನೆಂದು ಆ ಅಧ್ಯಯನ ಸಾಧಿಸಲಿಲ್ಲ, ಸಂಶಯವನ್ನಷ್ಟೇ ಮುಂದಿಟ್ಟಿತು. ಆದರೂ ನಡುವೆ ತಗ್ಗುಬಿದ್ದ, ತೇವ ಹಿಡಿದ ಹಾಸಿಗೆಯನ್ನು ಬೇಡವೆನ್ನಲು ನನಗೆ ಇನ್ನೊಂದು ಅಧ್ಯಯನ ಬೇಕಿಲ್ಲ.

ಉಳಿದವುಗಳ ಮಾತು ಬೇಗ ಮುಗಿಸುತ್ತೇನೆ. ಚಕ್ರದ ವಾಕರ್ ಅನ್ನು ಮಾರಾಟದ ಪಟ್ಟಿಯಿಂದಲೇ ತೆಗೆದುಹಾಕಿ. ಅದರಲ್ಲಿ ಕೂತ ಮಗು ಒಂದು ಸೆಕೆಂಡಿನಲ್ಲಿ ಸುಮಾರು ಒಂದು ಮೀಟರ್ ದಾಟಬಲ್ಲದು. ಮೆಟ್ಟಿಲಿನ ಅಂಚಿಗೆ ನಾವು ತಲುಪುವುದರೊಳಗೆ ಅದು ತಲುಪಿರುತ್ತದೆ. ಕೆನಡಾ 2004ರಲ್ಲೇ ವಾಕರ್‌ಗಳ ಮಾರಾಟ, ಆಮದು, ಜಾಹೀರಾತು ಎಲ್ಲವನ್ನೂ ನಿಷೇಧಿಸಿತು, ಬಳಸಿದವನ್ನೂ ಸೇರಿಸಿ. ಎದೆಹಾಲು ತೆಗೆಯುವ ಪಂಪ್‌ಗಳಲ್ಲಿ ಒಬ್ಬರ ಬಳಕೆಗೆಂದೇ ಮಾಡಿದವನ್ನು ಇನ್ನೊಬ್ಬರು ಬಳಸಬಾರದು. ಹಾಲಿನ ಹನಿ ಸಾಗಿಹೋಗಿ ಮೋಟಾರಿನ ಒಳಗೆ ಸೇರಿದರೆ ಅದನ್ನು ಕುದಿಸಿ ತೊಳೆಯಲು ದಾರಿಯಿಲ್ಲ. ಆಸ್ಪತ್ರೆಗಳು ಬಾಡಿಗೆಗೆ ಕೊಡುವ ಪಂಪ್‌ಗಳ ರಚನೆಯೇ ಬೇರೆ, ಅವಕ್ಕೂ ಕೊಳವೆ, ಬಟ್ಟಲು ಹೊಸದೇ ಬೇಕು. ಹಾಲಿನ ಬಾಟಲಿಯ ನಿಪ್ಪಲ್ ಮತ್ತು ಗೀರುಬಿದ್ದ ಪ್ಲಾಸ್ಟಿಕ್ ಬಾಟಲಿ ಹಂಚಿಕೊಳ್ಳುವ ವಸ್ತುಗಳೇ ಅಲ್ಲ. ಬ್ಯಾಟರಿ ಹಾಕುವ ಆಟಿಕೆಗಳಲ್ಲಿ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ಗುಂಡಿಯಂಥ ಚಪ್ಪಟೆ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟು ತೂತಾಗುವ ಹಂತ ತಲುಪಬಹುದು. ಟೇಪ್ ಅಂಟಿಸಿದ ಮುಚ್ಚಳ ಮುಚ್ಚಳವಲ್ಲ. ಮಗುವನ್ನು ನೋಡಿಕೊಳ್ಳುವ ಕ್ಯಾಮೆರಾ ಕೊಂಡರೆ ಮೊದಲು ಅದನ್ನು ಪೂರ್ತಿ ಅಳಿಸಿ ಹೊಸದಾಗಿ ಆರಂಭಿಸಿ. ಹಿಂದಿನವರ ಖಾತೆ ಅದರಲ್ಲಿ ಉಳಿದಿದ್ದರೆ ನಿಮ್ಮ ಮಗುವಿನ ಕೋಣೆ ಅವರ ಮೊಬೈಲಿನಲ್ಲೂ ಕಾಣುತ್ತಿರುತ್ತದೆ.

ಸ್ಟ್ರಾಲರ್ ಬಗ್ಗೆ ಎರಡು ಮಾತು ಹೆಚ್ಚು ಬೇಕು, ಏಕೆಂದರೆ ಹಿಂಪಡೆಯುವುದು ಎಂದರೆ ಯಾವಾಗಲೂ ಕಸದ ಬುಟ್ಟಿ ಎಂದಲ್ಲ. 2009ರ ನವೆಂಬರಿನಲ್ಲಿ ಮ್ಯಾಕ್‌ಲಾರೆನ್ ಸಂಸ್ಥೆ ಅಮೆರಿಕದಲ್ಲಿ ಸುಮಾರು 10 ಲಕ್ಷ ಮಡಚುವ ಸ್ಟ್ರಾಲರ್‌ಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಬಿಡಿಸುವಾಗ ಕೀಲಿನ ಸಂದಿಯಲ್ಲಿ ಮಗುವಿನ ಬೆರಳು ಸಿಕ್ಕಿ ತುದಿ ತುಂಡಾದ 12 ಪ್ರಕರಣಗಳು ವರದಿಯಾಗಿದ್ದವು. ಪರಿಹಾರವೆಂದರೆ ಕೀಲಿಗೆ ತೊಡಿಸುವ ಬಟ್ಟೆಯ ಕವಚ, ಅದೂ ಉಚಿತ. ಮಾದರಿ ಗೊತ್ತಿದ್ದವರು ಕವಚ ತರಿಸಿಕೊಂಡು ಸ್ಟ್ರಾಲರ್ ಬಳಸುತ್ತಾ ಹೋದರು. ಗೊತ್ತಿಲ್ಲದವರ ಪಾಲಿಗೆ ಆ ಕವಚ ಇದ್ದೂ ಇಲ್ಲವಾಯಿತು. ಅಂದರೆ ಲೇಬಲ್ ಕೇಳುವುದರಿಂದ ನಿಮ್ಮ ವ್ಯಾಪಾರಕ್ಕೆ ಕತ್ತರಿ ಬೀಳುತ್ತದೆ ಎಂದುಕೊಳ್ಳಬೇಡಿ. ಎಷ್ಟೋ ವಸ್ತುಗಳು ಸರಿಯಾಗಿಯೇ ಮಾರಾಟವಾಗುತ್ತವೆ.

ನೀವು ಏನು ಹೇಳುತ್ತೀರಿ ಎಂಬುದೂ ನನಗೆ ಗೊತ್ತು. ನಾವು ಬರೀ ಜಗಲಿ ಕೊಟ್ಟವರು, ವ್ಯಾಪಾರ ಅವರವರದು ಎನ್ನುತ್ತೀರಿ. ಆದರೆ ಆ ಜಗಲಿಯಲ್ಲಿ ಏನು ಮಾರಬಾರದು ಎಂದು ನೀವು ಈಗಾಗಲೇ ನಿರ್ಧರಿಸುತ್ತಿದ್ದೀರಿ. ಆಯುಧ, ಔಷಧಿ, ಕಾಡುಪ್ರಾಣಿ ಮಾರಹೊರಟರೆ ಜಾಹೀರಾತನ್ನು ತಡೆಯುತ್ತೀರಿ. ಕಾನೂನು ಕೂಡ ಜಗಲಿಯತ್ತ ತಿರುಗಿ ನೋಡಲು ಆರಂಭಿಸಿದೆ. ಹಿಂಪಡೆದ ವಸ್ತುವನ್ನು ಮಾರುವುದು ಅಮೆರಿಕದಲ್ಲಿ 2008ರ ಕಾಯ್ದೆಯಿಂದಲೇ ಅಪರಾಧ. ಕೆನಡಾದಲ್ಲಿ ಮನೆಯಂಗಳದಲ್ಲಿ ಹಳೆಯ ಸಾಮಾನು ಹರಡಿ ಮಾರುವವರಿಗೂ ಗ್ರಾಹಕ ವಸ್ತುಗಳ ಸುರಕ್ಷತಾ ಕಾಯ್ದೆ ಅನ್ವಯಿಸುತ್ತದೆ. ಯುರೋಪಿನ ಒಕ್ಕೂಟದಲ್ಲಿ 2024ರ ಡಿಸೆಂಬರ್ 13ರಿಂದ ಜಾರಿಯಲ್ಲಿರುವ ಉತ್ಪನ್ನ ಸುರಕ್ಷತಾ ನಿಯಮವು, ಅಪಾಯಕಾರಿ ವಸ್ತುವಿನ ಜಾಹೀರಾತು ತೆಗೆಯಲು ಅಧಿಕಾರಿಗಳು ಆದೇಶಿಸಿದರೆ ಆನ್‌ಲೈನ್ ಮಾರುಕಟ್ಟೆಗಳು ಎರಡು ಕೆಲಸದ ದಿನಗಳೊಳಗೆ ಪಾಲಿಸಬೇಕು ಎನ್ನುತ್ತದೆ. ಒಳ್ಳೆಯದೇ. ಆದರೆ ಜಾಹೀರಾತು ಹಾಕುವಾಗಲೇ ಮೂರು ಸಾಲು ಕೇಳಿದ್ದರೆ ಅಧಿಕಾರಿಗಳು ಬರುವವರೆಗೆ ಕಾಯಬೇಕಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕೆ ನಿಮ್ಮಂಥ ತಂತ್ರಜ್ಞರು ಬೇಕೇ?

ಮಾರುವವರಿಗೆ ಇದು ಹೊರೆ, ಅರ್ಧಕ್ಕೇ ಬಿಟ್ಟು ಹೋಗುತ್ತಾರೆ ಎಂಬುದು ಎರಡನೆಯ ವಾದ. ಬಿಟ್ಟು ಹೋಗುವವರು ಹೋಗಲಿ. ಸೀಟನ್ನು ಬೋರಲು ಹಾಕಿ ಒಂದು ಫೋಟೋ ತೆಗೆಯಲು ಬೇಸರಪಡುವವರ ಸೀಟು ನನ್ನ ಮಗುವಿಗಂತೂ ಬೇಡ. ಹಿಂಪಡೆದ ವಸ್ತುಗಳ ಪಟ್ಟಿ ಎಲ್ಲಿಂದ ತರೋಣ ಎಂದು ಕೇಳುವಿರಾದರೆ, ಹಲವು ದೇಶಗಳ ಪ್ರಕಟಣೆಗಳನ್ನು ಒಂದೆಡೆ ಸೇರಿಸಿದ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ) ಜಾಲತಾಣ 2012ರಿಂದ ಇದೆ, ಅಪಾಯಕಾರಿ ವಸ್ತುಗಳನ್ನು ಪಟ್ಟಿ ಮಾಡುವ ಯುರೋಪಿನ ‘ಸೇಫ್ಟಿ ಗೇಟ್’ ಜಾಲತಾಣ ಇದೆ, ಎರಡೂ ಸಾರ್ವಜನಿಕ.

ನಿಮ್ಮ ಜೊತೆ ಈ ಪತ್ರ ಓದುತ್ತಿರುವ ತಂದೆ ತಾಯಿಯರಿಗೂ ಒಂದು ಮಾತು. ಹಳೆಯ ಸಾಮಾನು ಹೆಚ್ಚಾಗಿ ಬರುವುದು ತಾಣಗಳಿಂದಲ್ಲ, ಅಕ್ಕ ತಂಗಿಯರಿಂದ, ಅತ್ತಿಗೆಯರಿಂದ, ಗೆಳೆಯರಿಂದ. ಪ್ರೀತಿಯಿಂದ ಕೊಟ್ಟದ್ದನ್ನು ತಿರುಗಿಸಿ ಲೇಬಲ್ ಹುಡುಕುವುದು ಮುಜುಗರದ ಕೆಲಸ ಹೌದು. ‘ನಮ್ಮ ಮಕ್ಕಳೆಲ್ಲ ಇದರಲ್ಲೇ ಬೆಳೆದರು’ ಎಂಬ ಮಾತಿಗೆ ಎದುರು ಹೇಳುವುದಂತೂ ಇನ್ನೂ ಕಷ್ಟ. ಬೆಳೆದು ದೊಡ್ಡವರಾದವರ ಮನೆಗಳಿಂದ ಮಾತ್ರ ಆ ಮಾತು ಬರುತ್ತದೆ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು, ಬಾಯಿಬಿಟ್ಟು ಹೇಳಬೇಕಾಗಿಲ್ಲ. ‘ಕೈಪಿಡಿ ಕಳೆದಿದೆಯಲ್ಲ, ಮಾದರಿ ಸಂಖ್ಯೆ ಹಾಕಿ ಇಳಿಸಿಕೊಳ್ಳೋಣ ಅಂತ’ ಎಂದು ಹೇಳಿ ಅವರೆದುರೇ ನೋಡಿ. ಅದು ಸುಳ್ಳೂ ಅಲ್ಲ. ಹೆಚ್ಚಿನ ತಯಾರಕರ ಜಾಲತಾಣಗಳಲ್ಲಿ ಹಳೆಯ ಕೈಪಿಡಿ ಸಿಗುತ್ತದೆ. ಕೈಯಲ್ಲಿ ಮೊಬೈಲ್ ಇರುವಾಗಲೇ ಹಿಂಪಡೆದ ಪಟ್ಟಿಯನ್ನೂ ನೋಡಿ, ಎರಡನೆಯ ಮಾಲೀಕರಾಗಿ ತಯಾರಕರಲ್ಲಿ ನೋಂದಾಯಿಸಿಕೊಳ್ಳಿ.

ಪಟ್ಟಿಯಲ್ಲಿ ಹೆಸರು ಸಿಕ್ಕರೆ, ದುರಸ್ತಿಯ ದಾರಿಯೂ ಇಲ್ಲದಿದ್ದರೆ, ಆ ವಸ್ತುವನ್ನು ಹಾಗೆಯೇ ಹೊರಗಿಡಬೇಡಿ. ದಾರಿಬದಿಯ ಸೀಟು ಯಾರದೋ ಕಾರಿಗೆ ಹತ್ತುತ್ತದೆ. ಬೆಲ್ಟಿನ ಪಟ್ಟಿಗಳನ್ನು ಕತ್ತರಿಸಿ, ಹೊದಿಕೆ ಹರಿಯಿರಿ, ಚಿಪ್ಪಿನ ಮೇಲೆ ದಪ್ಪ ಅಕ್ಷರದಲ್ಲಿ ‘ಬಳಸಬಾರದು’ ಎಂದು ಬರೆಯಿರಿ, ಮಂಚವಾದರೆ ಕಂಬಿಗಳನ್ನು ಮುರಿದು ಬೇರೆ ಬೇರೆ ಕಟ್ಟಿ ಹಾಕಿ.

ಮಾನ್ಯರೇ, ನನಗೆ ಉತ್ತರ ಬರೆಯುವ ಅಗತ್ಯವಿಲ್ಲ. ಮಕ್ಕಳ ಸಾಮಾನಿನ ವಿಭಾಗದಲ್ಲಿ ‘ಮಾದರಿ ಸಂಖ್ಯೆ’, ‘ತಯಾರಾದ ದಿನಾಂಕ’, ‘ಲೇಬಲ್‌ನ ಚಿತ್ರ’ ಎಂಬ ಮೂರು ಖಾನೆಗಳನ್ನು ಸೇರಿಸಿ, ಖಾಲಿ ಬಿಟ್ಟರೆ ಮುಂದಕ್ಕೆ ಹೋಗದಂತೆ ಮಾಡಿ. ನನ್ನಲ್ಲಿ ಮಾರಲು ಒಂದು ಹೈ ಚೇರ್ ಇದೆ. ಐದು ಕಡೆ ಬಿಗಿಯುವ ಬೆಲ್ಟು ಸರಿಯಾಗಿದೆ, ಕಾಲುಗಳು ಅಲುಗುವುದಿಲ್ಲ, ತಟ್ಟೆಯ ಎಡ ಅಂಚಿನಲ್ಲಿ ಹಲ್ಲಿನ ಗುರುತುಗಳಿವೆ. ಆಸನದ ಅಡಿಯ ಚೀಟಿ ಸ್ವಲ್ಪ ಮಾಸಿದ್ದರೂ ದಿನಾಂಕ ಓದಬಹುದು. ಖಾನೆ ಬಂದ ದಿನ ಜಾಹೀರಾತು ಹಾಕುತ್ತೇನೆ.

ಇಂತಿ,
ಹಳೆಯದನ್ನು ಕೊಳ್ಳುವ, ಮಾರುವ ಒಬ್ಬ ಪೋಷಕ